ದುಂಡಸಿಯಲ್ಲಿ ನಾನು ಎತ್ತಿದ ಮೋಟಾರು

ನಾನು ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು.

ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮೂರು ವರ್ಷ ರೇಡಿಯಾಲಜಿಯಲ್ಲಿ ಎಂ.ಡಿ. ಮಾಡಿದ್ದೇನೆ. ಅಂದರೆ ಸ್ಕ್ಯಾನ್ ಮಾಡುವ, ಎಕ್ಸ್‌ರೇ ನೋಡುವ ಡಾಕ್ಟರು. ಆ ಮೂರು ವರ್ಷವನ್ನು ಹೆಚ್ಚಾಗಿ ಕತ್ತಲೆ ಕೋಣೆಯಲ್ಲಿ, ಪರದೆಯ ಮುಂದೆ ಕಳೆದೆ. ಲೆಕ್ಕವಿಲ್ಲದಷ್ಟು ಹೊಟ್ಟೆಗಳನ್ನು ನೋಡಿದೆ. ಅವುಗಳ ಒಡೆಯರ ಮುಖ ಮಾತ್ರ ನೋಡಲಿಲ್ಲ.

ಇಷ್ಟೇ ಸಾಲದು ಅನ್ನಿಸಿತ್ತು. ನೋಡಿ ಹೇಳುವುದಷ್ಟೇ ಅಲ್ಲ, ನೋಡುತ್ತಲೇ ಮಾಡುವುದನ್ನೂ ಕಲಿಯಬೇಕೆಂಬ ಆಸೆ. ಅದಕ್ಕೆ ಇಂಟರ್‌ವೆನ್ಷನಲ್ ರೇಡಿಯಾಲಜಿ ಅನ್ನುತ್ತಾರೆ. ತೊಡೆಯ ಹತ್ತಿರವೋ ಮಣಿಕಟ್ಟಿನ ಹತ್ತಿರವೋ ಸೂಜಿಯಿಂದ ಸಣ್ಣ ತೂತು ಮಾಡುವುದು, ರಕ್ತನಾಳದೊಳಗೆ ತೆಳ್ಳನೆಯ ತಂತಿ ಬಿಡುವುದು, ಅದು ಎಲ್ಲಿ ಹೋಗುತ್ತಿದೆ ಎಂದು ಪರದೆಯ ಮೇಲೆ ನೋಡುತ್ತ ಕಟ್ಟಿಕೊಂಡದ್ದನ್ನು ಬಿಡಿಸುವುದು, ಸೋರುವುದನ್ನು ಮುಚ್ಚುವುದು. ಹೊಟ್ಟೆ ಕೊಯ್ಯುವ ರಗಳೆಯೇ ಇಲ್ಲ. ಇದನ್ನು ಸರಿಯಾಗಿ ಕಲಿಯಲು ಡಿ.ಎಂ. ಅಂತ ಇನ್ನೂ ಮೂರು ವರ್ಷ ಓದಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಒಂದು ವರ್ಷದ ಫೆಲೋಶಿಪ್ ಇದೆ. ಎರಡೂ ಬೇಡ ಅನ್ನುವವರಿಗೆ ಸ್ಕ್ಯಾನ್ ಸೆಂಟರ್ ಇದೆ.

ಡಿ.ಎಂ. ಪ್ರವೇಶ ಪರೀಕ್ಷೆ ಬರೆದಿದ್ದೆ, ಪಾಸಾಗಿದ್ದೆ. ಸೀಟು ಸಿಗುವಂತಿತ್ತು. ಆ ವಾರದೊಳಗೆ ಬೇಕು ಅಥವಾ ಬೇಡ ಅನ್ನಬೇಕಿತ್ತು. ನನ್ನ ಮಟ್ಟಿಗೆ ತೀರ್ಮಾನ ಆಗಿತ್ತು. ಉಳಿದದ್ದು ತಿಳವಳ್ಳಿಗೆ ಹೋಗಿ ಅಪ್ಪನನ್ನು ಒಪ್ಪಿಸುವುದು. ಒಂದು ಊಟದ ಹೊತ್ತಿನ ಕೆಲಸ ಅಂದುಕೊಂಡು ಹೊರಟೆ.

ಅಪ್ಪನೂ ತೀರ್ಮಾನ ಮಾಡಿಯೇ ಕುಳಿತಿದ್ದ. ಶಿಗ್ಗಾಂವಿಯಲ್ಲಿ ಹಿರಿಯ ಡಾಕ್ಟರೊಬ್ಬರು ತಮ್ಮ ಹೊಸ ಸ್ಕ್ಯಾನ್ ಸೆಂಟರಿಗೆ ಜನ ಹುಡುಕುತ್ತಿದ್ದರು. ಅಪ್ಪ ಅಲ್ಲಿಗೆ ಹೋಗಿ ಅರ್ಧ ಮಾತು ಕೊಟ್ಟು ಬಂದಿದ್ದ. ಬೋರ್ಡು ಎಲ್ಲಿ ಹಾಕಿದರೆ ಬಸ್ಸಿನಲ್ಲಿ ಹೋಗುವವರಿಗೆ ನನ್ನ ಹೆಸರು ಕಾಣುತ್ತದೆ ಅಂತ ರಸ್ತೆಯ ಆಚೆ ನಿಂತು ನೋಡಿಯೂ ಬಂದಿದ್ದ.

"ಅಪ್ಪಾ, ನಾ ಇನ್ನೂ ಮೂರು ವರ್ಷ ಓದ್ತೇನಿ," ಅಂದೆ.

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. "ಯಾಕ? ಫೇಲ್ ಆದೇನು?"

"ಫೇಲಲ್ಲಪ್ಪಾ. ಪಾಸಾಗೇನಿ. ಅದಕ್ಕ ಓದಬೇಕು."

"ಪಾಸಾದ ಮ್ಯಾಲೂ ಓದಸ್ತಾರಂದ್ರ ಅದೆಂಥಾ ಸಾಲಿ ತಂಗೀ!"

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ ತನ್ನ ಅಭಿಪ್ರಾಯ ಮಂಡಿಸಿದಳು. "ಫೋಟೋ ನೋಡಿ ಹೇಳೂದು ಎಷ್ಟ್ ಛಲೋ ಕೆಲಸ ಐತಿ. ಕುಂತಲ್ಲೆ ಕುಂತಿರೂದು, ಮ್ಯಾಲೆ ಏ.ಸಿ. ಮಂದಿ ಮೈಯಾಗ ತಂತಿ ಯಾಕ ಬಿಡ್ತಿ ನಮ್ಮವ್ವಾ?"

"ಹಿರೇಕೆರೂರಾಗ ನಿನ್ನ ಜೋಡಿ ಓದಿದ ಹುಡುಗ ಸೆಂಟರ್ ಹಾಕ್ಯಾನಂತ," ಅಂದ ಅಪ್ಪ. "ಕಾರೂ ತಗೊಂಡಾನಂತ. ನಾ ಓದಬ್ಯಾಡ ಅನ್ನಾಕತ್ತಿಲ್ಲ. ಕಲತದ್ದು ಸಾಕಾಗೂದಿಲ್ಲೇನು ಅಂತ ಕೇಳಾಕತ್ತೇನಿ."

ಅಪ್ಪನಿಗೆ ಈ ವಿದ್ಯೆಯ ಮಹತ್ವ ತಿಳಿದಿಲ್ಲ, ತಿಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನನಗೆ ಖಾತ್ರಿಯಾಯಿತು. ನೀರಿನ ಲೋಟದೊಳಗೆ ಕಸಬರಿಗೆ ಕಡ್ಡಿ ಬಿಟ್ಟು ತೋರಿಸಿದೆ. ಇದು ರಕ್ತನಾಳ, ಇದು ತಂತಿ, ಒಮ್ಮೊಮ್ಮೆ ಒಳಗೆ ಟ್ಯೂಬು ತುಂಡಾಗಿ ಬಿದ್ದಿರುತ್ತದೆ, ಅದನ್ನೂ ಹೀಗೆಯೇ ಪರದೆಯ ಮೇಲೆ ನೋಡುತ್ತ ಹಿಡಿದು ಮೇಲೆ ತೆಗೆಯುತ್ತಾರೆ ಅಂದೆ. ಅಪ್ಪ ಊಟ ನಿಲ್ಲಿಸಿದ. ಅವನ ಮುಖದಲ್ಲಿ ಬೆಳಕು ಬಂತು.

"ಅಂದ್ರ, ಬೋರಿನ್ಯಾಗ ಬಿದ್ದ ಮೋಟಾರ್ ಎತ್ತಿದಂಗ!"

"ಬರೋಬ್ಬರಿ ಅಪ್ಪಾ! ಅದ!"

ನನ್ನ ದೊಡ್ಡ ದೊಡ್ಡ ಗುರುಗಳು ಇಡೀ ತಾಸು ಪಾಠ ಮಾಡಿ ಹೇಳಿದ್ದನ್ನು ನಮ್ಮಪ್ಪ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಆ ಖುಷಿಗೆ ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅನಾಹುತ ಶುರುವಾದದ್ದು ಅಲ್ಲಿಂದ.

"ಹಂಗಾರ ನಿಮ್ಮ ಮಾವನ್ನ ಒಂದ್ ಮಾತ ಕೇಳೂಣು," ಅಂದ ಅಪ್ಪ.

ದುಂಡಸಿಯ ಫಕ್ಕೀರಪ್ಪ ಮಾವ ಅವ್ವನ ಅಣ್ಣ. ಎತ್ತು ಕೊಳ್ಳುವುದಿರಲಿ, ನನ್ನನ್ನು ಡಾಕ್ಟರ್ ಮಾಡುವುದಿರಲಿ, ನಮ್ಮ ಮನೆಯಲ್ಲಿ ಯಾವುದೇ ಕೆಲಸ ನಡೆಯುವುದು ಮಾವನ ಬಾಯಿಂದ 'ಹೂಂ' ಬಂದ ಮೇಲೆಯೇ. ಮಾವ ಹೂಂ ಅಂದರೆ ಡಿ.ಎಂ. ಊಂಹೂಂ ಅಂದರೆ ಶಿಗ್ಗಾಂವಿಯ ಬೋರ್ಡು. ವಿಷಯ ಅಷ್ಟು ಸರಳವಾಗಿತ್ತು.

ನಾವು ಕೇಳುವ ಮೊದಲೇ ಮರುದಿನ ಬೆಳಿಗ್ಗೆ ಮಾವನದೇ ಫೋನು ಬಂತು. ಹಗ್ಗ ಹರಿದು ಅವರ ಬೋರಿನ ಮೋಟಾರು ಒಳಗೆ ಬಿದ್ದಿತ್ತು. ಬೀಜಕ್ಕೆಂದು ಹಾಕಿದ ಮೆಣಸಿನಕಾಯಿ ಪ್ಲಾಟು ಹೂವಿಗೆ ಬಂದಿತ್ತು, ನೀರು ನಿಂತರೆ ಹೂವು ಉದುರುತ್ತದೆ. ಮೋಟಾರ್ ಎತ್ತುವವರನ್ನು ಸವಣೂರಿನಿಂದ ಕರೆಸಿದ್ದೇನೆ ಅಂತ ಮಾವ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ಅವರು ಇರ್ಲಿ ಬಿಡ್ರಿ," ಅಂದ ಅಪ್ಪ. "ನಮ್ಮ ಸವಿತಾ ಅದನ್ನ ಓದಾಕತ್ತಾಳ. ಕರಕೊಂಡು ಬರ್ತೇನಿ."

ಇಲ್ಲ ಅನ್ನಬಹುದಿತ್ತು. ಆದರೆ ಮಾವನ ಹೂಂ ಬೇಕಿತ್ತು. ಅಲ್ಲದೆ ನನಗೂ ಒಳಗೊಳಗೇ ಒಂದು ಚಪಲ. ಎಂ.ಡಿ. ಮಾಡಿದ ಅಷ್ಟೂ ಕಾಲದಲ್ಲಿ ಒಂದು ತಂತಿಯನ್ನೂ ನಾನೇ ಮುಂದೆ ನಿಂತು ಬಿಟ್ಟಿರಲಿಲ್ಲ. ಯಾವಾಗಲೂ ದೊಡ್ಡ ಡಾಕ್ಟರ ಬೆನ್ನಿನ ಹಿಂದೆ ನಿಂತು, ಅವರ ಹೆಗಲಿನ ಮೇಲಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಕಲಿತಿದ್ದೆ. ಇಲ್ಲಿ ಯಾರ ಬೆನ್ನೂ ಅಡ್ಡ ಇರಲಿಲ್ಲ. ಹೊರಡುವಾಗ ಬ್ಯಾಗಿನಲ್ಲಿ ಒಂದು ಜೊತೆ ಆಪರೇಷನ್ ಗ್ಲೌಸು ಇಟ್ಟುಕೊಂಡೆ.

ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಶಿಗ್ಗಾಂವಿಗೆ ಇನ್ನೊಂದು, ಅಲ್ಲಿಂದ ದುಂಡಸಿಗೆ ಮತ್ತೊಂದು. ಮೂರೂ ಬಸ್ಸಿನಲ್ಲಿ ಅಪ್ಪ ಪಕ್ಕದವರಿಗೆ ತಾನಾಗಿಯೇ ಹೇಳಿದ.

"ಮಗಳು ಡಾಕ್ಟರ್ ಅದಾಳ್ರಿ. ಬೋರಿನ ಮೋಟಾರ್ ಎತ್ತಾಕ ಹೊಂಟೇವಿ."

ಮೂವರೂ ಗೌರವದಿಂದ ಸ್ವಲ್ಪ ಸರಿದು ಕುಳಿತರು.

ನಾವು ಹೊಲ ಮುಟ್ಟಿದಾಗ ಮಾವ ಇರಲಿಲ್ಲ, ಹೊಸ ಹಗ್ಗ ತರಲು ಶಿಗ್ಗಾಂವಿಗೆ ಹೋಗಿದ್ದರು. ಸವಣೂರಿನ ಮಕ್ಬೂಲ್ ಸಾಹೇಬರು ಇಬ್ಬರು ಆಳುಗಳೊಂದಿಗೆ ಆಗಷ್ಟೇ ಬಂದು ಜೀಪಿನಿಂದ ಸಾಮಾನು ಇಳಿಸುತ್ತಿದ್ದರು. ಮೂರು ಕಾಲಿನ ಕಬ್ಬಿಣದ ಕಂಬ, ಗಾಲಿ, ಉಕ್ಕಿನ ಹಗ್ಗ, ಅದರ ತುದಿಗೆ ಹುಕ್ಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕ್ಯಾಮೆರಾ. ಉದ್ದನೆಯ ಕೇಬಲ್ಲಿನ ತುದಿಗೆ ಲೈಟು, ಈ ತುದಿಗೆ ಪೆಟ್ಟಿಗೆಯಂಥ ಪರದೆ. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ.

ಅಪ್ಪ ಅವರಿಗೂ ನಾನು ಯಾರೆಂದು ಹೇಳಿದ. "ಬರ್ರಿ ಡಾಕ್ಟರ್ ಅಕ್ಕಾರ," ಅಂದರು ಸಾಹೇಬರು. "ಸವಣೂರು ಸುತ್ತ ಯಾರ ಮೋಟಾರ್ ಬಿದ್ರೂ ನಾನ ಎತ್ತೂದು. ಈ ಕ್ಯಾಮೆರಾ ಮೊನ್ನೆ ತಂದೇನಿ. ಇಡೀ ಜಿಲ್ಲಾದಾಗ ಇಂಥಾದ್ದಿಲ್ಲ. ಬೋರ್ ಯಾವ್ದರಿ?"

"ನನಗ ಗೊತ್ತೈತಿ, ಬರ್ರಿ," ಅಂದೆ.

ಗೊತ್ತಿಲ್ಲದೆ ಏನು! ಚಿಕ್ಕವಳಿದ್ದಾಗ ರಜೆಗೆ ಬಂದರೆ ಆ ಬೋರಿನ ನೀರಿನಲ್ಲೇ ನನ್ನ ಆಟ. ಬೇವಿನ ಮರದ ಕೆಳಗಿತ್ತು. ಹೋಗಿ ನೋಡಿದರೆ ಅಲ್ಲೇ ಇತ್ತು. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿತ್ತು, ಕಲ್ಲಿನ ಸುತ್ತ ಹುಲ್ಲು ಬೆಳೆದಿತ್ತು. ಮಾವ ಎಷ್ಟು ಕಾಳಜಿಯ ಮನುಷ್ಯ ಅಂದುಕೊಂಡು ಕಲ್ಲು ಸರಿಸಲು ಹೇಳಿದೆ.

ಮನೆಯ ಕಡೆಯಿಂದ ನೀಲವ್ವತ್ತಿ ಬಂದಳು. ಮಾವನ ಹೆಂಡತಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು, "ಸವಿತಾ, ಇಲ್ಲೇನ ಮಾಡಾಕತ್ತೀರಿ? ಇದು..."

"ಅತ್ತೀ, ಗಾಬರಿ ಆಗಬ್ಯಾಡ್ರಿ. ಎಲ್ಲಾ ನಾ ನೋಡ್ಕೋತೇನಿ."

"ಹಂಗಲ್ಲ ತಂಗೀ, ನಿಮ್ಮ ಮಾವ..."

"ಮಾವ ಬರೂದ್ರಾಗ ಮುಗಸ್ತೇವಿ. ಈಗೊಂದಿಷ್ಟು ಮಾತಾಡಬ್ಯಾಡ್ರಿ. ಕೆಲಸದ ಮುಂದ ಗದ್ದಲ ಇರಬಾರದು."

"ಆಕೀ ಕಲತಾಕಿ ಅದಾಳ ನೀಲವ್ವಾ," ಅಂದ ಅಪ್ಪ. "ಆಕೀಗ ಬಿಡು."

ಅತ್ತಿ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಕಲತಾವ್ರಿಗೆ ನಾ ಏನ್ ಹೇಳ್ಲಿ," ಅಂತ ಚಹಾ ಇಡಲು ಒಳಗೆ ಹೋದಳು. ರೋಗಿಯ ಕಡೆಯವರು ಅಂದರೆ ಹೀಗೆಯೇ, ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತಾರೆ, ಅದಕ್ಕೆಲ್ಲ ಕಿವಿಗೊಡಬಾರದು ಅಂತ ನಾನು ಮಕ್ಬೂಲ್ ಸಾಹೇಬರಿಗೆ ತಿಳಿಸಿ ಹೇಳಿದೆ. ಅವರು ಹೊಸ ವಿದ್ಯೆ ಕಲಿತವರಂತೆ ತಲೆಯಾಡಿಸಿದರು.

ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ಬಂದರು. "ಹಳೇ ಬೋರಿಗೂ ಯೋಗ ಬಂತು ನೋಡು," ಅಂತ ಯಾರೋ ಅಂದದ್ದು ಕೇಳಿಸಿತು. ನಮ್ಮ ಜನಕ್ಕೆ ಮಾತು ಜಾಸ್ತಿ ಅಂದುಕೊಂಡು ಗ್ಲೌಸು ಹಾಕಿಕೊಂಡೆ.

ಕ್ಯಾಮೆರಾ ಕೆಳಗಿಳಿಯಿತು. ಪರದೆಯ ಮೇಲೆ ಚಿತ್ರ ಮೂಡಿತು. ಇದು ನನ್ನ ಸಾಮ್ರಾಜ್ಯ! ಗಂಟಲು ಸರಿಪಡಿಸಿಕೊಂಡು ವರದಿ ಓದಿದೆ: "ಕೇಸಿಂಗ್ ಪೈಪಿನ ಗೋಡೆ ಸಹಜವಾಗಿದೆ. ಬಿರುಕು ಕಂಡುಬರುವುದಿಲ್ಲ. ತಳದಲ್ಲಿ ಉದ್ದನೆಯ, ಗುಂಡಗಿನ ವಸ್ತುವೊಂದಿದ್ದು ಮೋಟಾರ್ ಆಗಿರಬಹುದು. ಮೇಲೆ ದಪ್ಪನೆಯ ಕೆಂಪು ಪದರವಿದ್ದು ತುಕ್ಕು ಆಗಿರಬಹುದು. ಇತರ ಲಕ್ಷಣಗಳೊಂದಿಗೆ ತಾಳೆ ನೋಡತಕ್ಕದ್ದು."

ಮಕ್ಬೂಲ್ ಸಾಹೇಬರು ಭಕ್ತಿಯಿಂದ ಕೇಳಿ ಕೊನೆಗೆ ಕೇಳಿದರು, "ಅಂದ್ರ ಮೋಟಾರ್ ಐತೋ ಇಲ್ಲೋ ಅಕ್ಕಾರ?"

"ಐತಿ ಅಂತ ಕಾಣಸ್ತೈತಿ."

"ಕಾಣಸ್ತೈತಿ ಅಂತ ಹುಕ್ಕ ಬಿಡಲ್ಯೋ, ಐತಿ ಅಂತ ಬಿಡಲ್ಯೋ?"

ನಮ್ಮ ವಿಭಾಗದಲ್ಲಿ ಈ ಪ್ರಶ್ನೆಯನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. "ಬಿಡ್ರಿ," ಅಂದೆ. ನಿನ್ನೆ ಬಿದ್ದ ಮೋಟಾರಿಗೆ ಇಷ್ಟು ತುಕ್ಕು ಹೇಗೆ ಅನ್ನುವ ಸಂಶಯ ಒಂದು ಕ್ಷಣ ಬಂದದ್ದು ನಿಜ. ದುಂಡಸಿಯ ನೀರು ಬಹಳ ಗಡಸು ಅಂತ ಅದನ್ನು ಅಲ್ಲೇ ಪರಿಹರಿಸಿದೆ.

ಸಾಹೇಬರು ಕ್ಯಾಮೆರಾ ಮೇಲೆಳೆಯತೊಡಗಿದರು. ನಾನು ತಡೆದೆ.

"ಅದನ್ಯಾಕ ತಗೀತೀರಿ?"

"ನಾವು ಮೊದಲ ನೋಡ್ತೇವ್ರಿ. ಆಮ್ಯಾಲೆ ಕ್ಯಾಮೆರಾ ತಗದು ಹುಕ್ಕ ಬಿಡ್ತೇವಿ."

"ಅದು ಹಳೇ ಪದ್ಧತಿ ಸಾಹೇಬ್ರ. ನಮ್ಮಲ್ಲಿ ನೋಡಕೋಂತನ ಮಾಡೂದು. ಎರಡೂ ಒಳಗ ಇರ್ಲಿ."

"ಹೌದ್ರೇನು! ಹಂಗಾರ ಹಂಗ ಮಾಡೂಣು."

ಅವರು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಓದಿದವರ ಮೇಲೆ ಅಷ್ಟೊಂದು ಗೌರವ ಇಟ್ಟುಕೊಳ್ಳುವುದು ಮೈಗೆ ಒಳ್ಳೆಯದಲ್ಲ.

ಹುಕ್ಕಿನ ಹಗ್ಗ ನಾನೇ ಹಿಡಿದೆ. ಅದು ಗರಗರ ತಿರುಗುತ್ತ ಇಳಿಯುವುದು ಪರದೆಯಲ್ಲಿ ಕಾಣುತ್ತಿತ್ತು. ಎಡಕ್ಕೆ ತಪ್ಪಿತು, ಬಲಕ್ಕೆ ತಪ್ಪಿತು, ಕೊನೆಗೆ ಮೋಟಾರಿನ ಕೊರಳಿಗೆ ಸಿಕ್ಕಿಕೊಂಡಿತು. ನನ್ನ ಜೀವನದ ಮೊದಲ ಯಶಸ್ಸು! "ಎಳೀರಿ!" ಅಂದೆ. ಆಳುಗಳು ಗಾಲಿ ತಿರುಗಿಸಿದರು. ಮೋಟಾರು ಅಲುಗಿತು, ಏಳತೊಡಗಿತು. ಎಲ್ಲರೂ ನೋಡುತ್ತಿದ್ದಂತೆ ಪರದೆ ಕಪ್ಪಾಯಿತು.

"ಕರೆಂಟ್ ಹೋತೇನು?" ಅಂದ ಅಪ್ಪ.

ಕರೆಂಟ್ ಹೋಗಿರಲಿಲ್ಲ. ತಿರುಗುತ್ತ ಇಳಿದ ಹಗ್ಗ ಕ್ಯಾಮೆರಾದ ಕೇಬಲ್ಲಿಗೆ ಸುತ್ತಿಕೊಂಡು, ಎಳೆದಾಗ ಕೇಬಲ್ಲನ್ನು ಕಡಿದುಹಾಕಿತ್ತು. ಮೋಟಾರು ಮೇಲೆ ಬಂತು. ಕ್ಯಾಮೆರಾ ಕೆಳಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಮಕ್ಬೂಲ್ ಸಾಹೇಬರು ತಟ್ಟಲಿಲ್ಲ. ಅವರು ಕೇಬಲ್ಲಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅದರ ತುದಿಯನ್ನೇ ನೋಡುತ್ತಿದ್ದರು.

ಆಗ ಮಾವ ಬಂದರು. ಬೈಕು ನಿಲ್ಲಿಸಿ, ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಹೊತ್ತುಕೊಂಡು, ಜನರನ್ನು ಸರಿಸಿ ಒಳಗೆ ಬಂದರು. ಕೆಸರಿನಲ್ಲಿ ಮಲಗಿದ್ದ ಮೋಟಾರಿನ ಸುತ್ತ ಒಂದು ಸುತ್ತು ಹಾಕಿದರು.

"ಇದು ನಮ್ಮ ಮೊದಲಿನ ಮೋಟಾರ್ ಅಲ್ಲೇನು! ಇದು ಬಿದ್ದು ಎಷ್ಟೋ ವರ್ಷ ಆತು. ಇದನ್ನ್ಯಾರು ತಗದ್ರು?"

ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

"ಭೇಷ್! ಹಂಗಾರ ಹೊಸಾದು ಎಲ್ಲೈತಿ?"

"ಯಾವ ಹೊಸಾದು ಮಾವ?"

"ನಿನ್ನೆ ಬಿದ್ದದ್ದು. ಹೊಸಾ ಬೋರಿಂದು. ಅಲ್ಲಿ, ಪ್ಲಾಟಿನ ಹಿಂದ."

ಅತ್ತಿ ಚಹಾದ ತಾಟು ಹಿಡಿದು ನಿಂತಿದ್ದಳು. "ಅದನ್ನ ಹೇಳಾಕ ಬಂದಿದ್ನಿ," ಅಂದಳು. "ಮಾತಾಡಬ್ಯಾಡ್ರಿ ಅಂದ್ಲು."

ಎಡಗಾಲಿನ ಬದಲು ಬಲಗಾಲು ಕೊಯ್ಯುವ ತಪ್ಪು ಆಗಬಾರದು ಅಂತ ಆಪರೇಷನ್ನಿಗೆ ಮೊದಲು ಹೆಸರು ಕೇಳಬೇಕು, ಯಾವ ಕಡೆ ಅಂತ ಕೇಳಬೇಕು, ಪೆನ್ನಿನಿಂದ ಗುರುತು ಹಾಕಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಆದರೆ ಕತ್ತಲೆ ಕೋಣೆಯಲ್ಲಿ ಕುಳಿತು ಕುಳಿತು ಯಾರನ್ನೂ ಏನನ್ನೂ ಕೇಳುವ ಅಭ್ಯಾಸವೇ ಹೋಗಿತ್ತು. ಚಿತ್ರವೊಂದು ಸಿಕ್ಕರೆ ಸಾಕಿತ್ತು ನನಗೆ. ಬಹಳ ನಾಚಿಕೆಯಾಯಿತು.

ಇಲ್ಲಿಗೆ ಸುಮ್ಮನೆ ಕುಳಿತು ಚಹಾ ಕುಡಿಯಬಹುದಿತ್ತು. ಆದರೆ ಮಾವನ ಹೂಂ ನನ್ನ ಕಣ್ಣೆದುರೇ ದೂರ ಹೋಗುತ್ತಿತ್ತು. ನಾನು ಧೈರ್ಯ ತಂದುಕೊಂಡು ಎಲ್ಲರನ್ನೂ ಹೊಸ ಬೋರಿನ ಹತ್ತಿರ ನಡೆಸಿದೆ.

"ಕ್ಯಾಮೆರಾ ಇಲ್ದಿದ್ರ ಏನಾತು?" ಅಂದೆ. "ನನ್ನ ಮೊಬೈಲ್ ಬಿಡೂಣು. ಲೈಟ್ ಐತಿ, ವಿಡಿಯೋ ಐತಿ."

"ಬ್ಯಾಡ್ರಿ ಅಕ್ಕಾರ," ಅಂದರು ಮಕ್ಬೂಲ್ ಸಾಹೇಬರು. ಆ ದಿನ ಅವರು ನನ್ನ ಮಾತಿಗೆ ಬೇಡ ಅಂದದ್ದು ಅದೇ ಮೊದಲು. ಅದನ್ನಾದರೂ ಕೇಳಬೇಕಿತ್ತು.

ಮೊಬೈಲಿನ ಲೈಟು ಹಚ್ಚಿ, ವಿಡಿಯೋ ಚಾಲೂ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಾರದಿಂದ ಆಪರೇಷನ್ನಿನಲ್ಲಿ ಹಾಕುವಂಥ ಗಂಟು ಹಾಕಿದೆ. ಮನುಷ್ಯರ ಚರ್ಮದ ಮೇಲೆ ಆ ಗಂಟು ಯಾವತ್ತೂ ಜಾರುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತದೆ. ಎರಡಾಳು ಆಳ ಇಳಿಯುವುದರೊಳಗೆ ಮೊಬೈಲು ಕಳಚಿಕೊಂಡು, ಓರೆಯಾಗಿ ತಿರುಗಿ, ಪೈಪಿನ ಎರಡೂ ಗೋಡೆಗೆ ಆನಿಕೊಂಡು ಗಟ್ಟಿಯಾಗಿ ಕುಳಿತುಬಿಟ್ಟಿತು. ಈಗ ಬೋರಿನೊಳಗೆ ಹುಕ್ಕು ಹೋಗಲು ದಾರಿಯೂ ಇರಲಿಲ್ಲ. ಕಟ್ಟಿಕೊಂಡದ್ದನ್ನು ಬಿಡಿಸುವ ವಿದ್ಯೆ ಕಲಿಯಲು ಹೊರಟವಳು ನಾನು.

ಒಳಗೆ ಲೈಟು ಉರಿಯುತ್ತಲೇ ಇತ್ತು. ನೆಲದೊಳಗಿಂದ ಬೆಳ್ಳನೆಯ ಬೆಳಕು ಬರುವುದನ್ನು ನೋಡಿ ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಕೈ ಮುಗಿದಳು.

ಅಷ್ಟರಲ್ಲಿ ಬೋರು ರಿಂಗಾಯಿತು.

ಎಲ್ಲರೂ ಸುತ್ತ ನಿಂತು, ತಲೆ ಬಗ್ಗಿಸಿ, ರಿಂಗು ಪೂರ್ತಿ ಮುಗಿಯುವವರೆಗೆ ಕೇಳಿದರು.

"ಶಿಗ್ಗಾಂವಿ ಡಾಕ್ಟರ್ ಇರಬೇಕು," ಅಂದ ಅಪ್ಪ ಮೆಲ್ಲಗೆ. "ಇವತ್ತ ಹೇಳ್ತೇವಿ ಅಂದಿದ್ನಿ."

ಬೋರಿನಲ್ಲಿ ಯಾರೂ ಎತ್ತದಿದ್ದುದಕ್ಕೆ ಅವರು ಅಪ್ಪನ ಕಿಸೆಗೆ ಫೋನ್ ಮಾಡಿದರು. ಅವರದು ದೊಡ್ಡ ದನಿ, ನಮಗೆಲ್ಲ ಕೇಳಿಸುತ್ತಿತ್ತು. "ಹೆಂಗ್ರಿ ಯಜಮಾನ್ರ? ಮಗಳು ಮುಂದಿನ ತಿಂಗಳ ಬರ್ತಾಳೇನು? ಬೋರ್ಡ್ ಬರಸಲ್ಯಾ?"

ಅಪ್ಪ ಬೇವಿನ ಮರದ ಕೆಳಗೆ ಬಿದ್ದಿದ್ದ ತುಕ್ಕು ಹಿಡಿದ ಮೋಟಾರನ್ನು ನೋಡಿದ. ತುಂಡು ಕೇಬಲ್ ಹಿಡಿದು ಕುಳಿತ ಮಕ್ಬೂಲ್ ಸಾಹೇಬರನ್ನು ನೋಡಿದ. ಬೋರಿನೊಳಗಿನ ಬೆಳಕನ್ನು ನೋಡಿದ. ಕೊನೆಗೆ ಗ್ಲೌಸು ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿದ.

"ಇಲ್ರಿ ಸಾಹೇಬ್ರ, ಬರಸಬ್ಯಾಡ್ರಿ," ಅಂದ. "ಆಕೀ ಇನ್ನೂ ತಯಾರಾಗಿಲ್ಲ."

ಆ ಕಡೆಯಿಂದ ಏನೋ ಕೇಳಿದರು.

"ಹೌದ್ರಿ, ಎಂ.ಡಿ. ಮುಗದೈತಿ. ಇಲ್ಲ ಅನ್ನಾಕತ್ತಿಲ್ಲ. ಆದ್ರ ಇವತ್ತ ನಾ ಕಣ್ಣಾರೆ ನೋಡೇನ್ರಿ. ಇನ್ನೂ ಮೂರು ವರ್ಷ ಕಲೀಬೇಕಂತ. ಕಲೀಲಿ."

ಅಪ್ಪ ಫೋನ್ ಇಟ್ಟ. ನನಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಆದ ಮೇಲೆ ಸ್ವಲ್ಪ ವಿನಯ ತೋರಿಸೋಣ ಅಂತ, "ಅಪ್ಪಾ, ಒಂದ್ ವರ್ಷದ್ದೂ ಒಂದ್ ಕೋರ್ಸ್ ಐತಿ..." ಅಂದೆ.

"ಏ, ಒಂದ್ ವರ್ಷದ್ದು ಬ್ಯಾಡ!" ಅಂದರು ಮಾವ, ಗಾಬರಿಯಿಂದ. "ಮೂರು ವರ್ಷದ್ದ ಆಗ್ಲಿ. ಅದಕ್ಕಿಂತ ದೊಡ್ಡದಿದ್ರ ಅದ ಆಗ್ಲಿ." ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು, "ಅಲ್ಲಿ ಮಂದೀನ್ನ ಮಾತಾಡ್ಸೂದೂ ಕಲಸ್ತಾರೇನು ತಂಗೀ?"

"ಕಲಸ್ತಾರ ಮಾವ. ವಾರ್ಡಿನ್ಯಾಗ ಕೆಲಸ ಇರ್ತೈತಿ. ಮೊದಲ ಕೇಳೂದು, ಆಮ್ಯಾಲೆ ಕೈ ಹಚ್ಚೂದು."

"ಹೂಂ," ಅಂದರು ಮಾವ.

ಮರುದಿನ ಮಕ್ಬೂಲ್ ಸಾಹೇಬರು ಮೊಬೈಲನ್ನೂ ಮೋಟಾರನ್ನೂ ಎತ್ತಿದರು. ಅವರದು ಒಂದೇ ಕರಾರು, ಡಾಕ್ಟರ್ ಅಕ್ಕಾರು ಮನೆಯೊಳಗೆ ಇರಬೇಕು. ಇದ್ದೆ. ಮೆಣಸಿನ ಹೂವು ಉಳಿಯಿತು. ಡಿ.ಎಂ.ನ ಮೊದಲ ಸ್ಟೈಪೆಂಡು ಕೈಗೆ ಬಂದ ದಿನ ಅವರಿಗೆ ಹೊಸ ಕ್ಯಾಮೆರಾ ಕೊಡಿಸಿದೆ. ಅದರ ಪ್ಲಾಸ್ಟಿಕ್ ಹಾಳೆಯನ್ನೂ ಅವರು ಕಿತ್ತಿಲ್ಲವಂತೆ.

ಈಗ ಎರಡನೆಯ ವರ್ಷ ನಡೆದಿದೆ. ನಮ್ಮ ಬಳಗದಲ್ಲಿ ಇಷ್ಟು ಒಮ್ಮತದಿಂದ ಯಾರನ್ನೂ ಓದಲು ಕಳಿಸಿದ್ದಿಲ್ಲ. ವಾರ್ಡಿನಲ್ಲಿ ರೋಗಿಯ ಕಡೆಯವರು ಬಾಯಿ ತೆರೆದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಪೂರ್ತಿ ಕೇಳುತ್ತೇನೆ. ಈ ಹುಡುಗಿಗೆ ಎಷ್ಟು ತಾಳ್ಮೆ ಅಂತ ಗುರುಗಳಿಗೆ ಮೆಚ್ಚುಗೆ.

ಅಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ.

"ಈ ವಾರ ಯಾರಿಗರ ತಂತಿ ಬಿಟ್ಟೇನು?"

"ಬಿಟ್ನೆಪ್ಪಾ. ನಾನ ಬಿಟ್ನಿ. ಬಾಜೂಕ ದೊಡ್ಡ ಡಾಕ್ಟರ್ ನಿಂತಿದ್ರು."

"ನಿಂತಿದ್ರಲ್ಲಾ? ಹಂಗಾರ ಆ ಪೇಷಂಟ್ ಉಳದಾನ ಬಿಡು," ಅಂದು ಅಪ್ಪ ಸಮಾಧಾನದಿಂದ ಫೋನ್ ಇಡುತ್ತಾನೆ.